ಮೂಡ್ಲ ತಿಗರಿಯ ಭಾರ ಇಳಿಸಿದ್ದು

ಕತೆ ಅಂದ ಕೂಡಲೇ ಹಲ್ಲು ಬಿಟ್ಟುಕೊಂಡು ಕೂತುಬಿಟ್ಟಿರಿ. ಪೆದ್ದನ ಕತೆ ಅಂದರೆ ನಿಮಗೆ ನಗು. ಅವನನ್ನು ಹೆತ್ತವಳಿಗೆ ಏನು ಅಂತ ಯಾರಾದರೂ ಕೇಳಿದ್ದೀರಾ? ಇರಲಿ, ಸುಮ್ಮನೆ ಕೇಳಿ.

ಒಂದೂರು. ಆ ಊರಿನ ಕುಂಬಾರಗೇರಿಯಲ್ಲಿ ಸಣ್ಣೀರಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಹೆಸರು ಮೂಡ್ಲಗಿರಿ. ಅಷ್ಟುದ್ದ ಕರೆಯೋಕೆ ಯಾರಿಗೆ ಪುರಸೊತ್ತು? ಮೂಡ್ಲ ಅಂತಿದ್ದರು. ಆಳು ನೋಡಿದರೆ ಆಳುದ್ದ, ತೋಳು ನೋಡಿದರೆ ಒನಕೆ, ತಲೆ ಮಾತ್ರ ದೇವರು ತುಂಬೋಕೆ ಮರೆತ ಮಡಕೆ. ಹೇಳಿದ್ದು ಮಾಡುತ್ತಿದ್ದ. ಹೇಳಿದ್ದಷ್ಟೇ ಮಾಡುತ್ತಿದ್ದ. "ಎಸರು ಉಕ್ಕಿದ್ರೆ ಕೂಗ್ಲಾ" ಅಂದರೆ ಒಲೆ ಮುಂದೆ ಕೂತು ನೋಡುತ್ತಿದ್ದ. ಉಕ್ಕಲಿ ಅಂತ ಕಾಯುತ್ತಿದ್ದ. ಎಸರೆಲ್ಲ ಉಕ್ಕಿ, ಒಲೆ ಆರಿ, ಬೂದಿ ಕೆಸರಾದ ಮೇಲೆ "ಅವ್ವಾ, ಉಕ್ತು!" ಅಂತ ಕೂಗುತ್ತಿದ್ದ.

ಅಪ್ಪ ಗೂಳಯ್ಯ ಇದ್ದಷ್ಟು ದಿನ ನಡೆಯಿತು. ಊರಿಗೆಲ್ಲ ಗಡಿಗೆ, ಕುಡಿಕೆ, ಹಣತೆ ಅವನದೇ. ಸುಗ್ಗಿ ಬಂದಾಗ ಕಣಕ್ಕೆ ಹೋಗಿ ನಿಂತರೆ ಒಬ್ಬೊಬ್ಬ ರೈತನೂ ಮೊರ ತುಂಬ ರಾಗಿ ಸುರಿಯುತ್ತಿದ್ದ. ಅದು ಕುಂಬಾರನ ಆಯ. ಗೂಳಯ್ಯ ಜ್ವರ ಬಂದು ಹೋಗಿಬಿಟ್ಟ. ಮಡಕೆ ಎಬ್ಬಿಸೋ ತಿಗರಿ ನಿಂತಿತು.

ಸಣ್ಣೀರಮ್ಮನಿಗೆ ಮಡಕೆ ಕೆಲಸ ಬರುತ್ತಿರಲಿಲ್ಲವೇ ಅಂತ ಕೇಳುತ್ತೀರಿ. ಅಯ್ಯೋ, ಬರದೆ ಏನು! ಮಣ್ಣು ತುಳಿಯೋಳು ಅವಳು, ಹಸಿ ಗಡಿಗೆ ತಟ್ಟಿ ಹೊಟ್ಟೆ ಬರಿಸೋಳು ಅವಳು, ಸುಡೋಕೆ ಆವಿಗೆ ಒಟ್ಟೋಳು ಅವಳು, ಹೊತ್ತು ಮಾರೋಳು ಅವಳು. ತಿಗರಿ ಒಂದನ್ನು ಮಾತ್ರ ಮುಟ್ಟೋ ಹಾಗಿಲ್ಲ. ಹೆಂಗಸು ಮುಟ್ಟಿದರೆ ತಿಗರಿ ಮುನಿಯುತ್ತದೆ ಅಂತ ಕುಲದ ಕಟ್ಟು. ಮುನಿದದ್ದನ್ನು ಯಾರು ನೋಡಿದ್ದಾರೋ ನಾ ಕಾಣೆ. ಬಲ್ಲವಳು ಮುಟ್ಟೋ ಹಾಗಿಲ್ಲ, ಮುಟ್ಟೋನಿಗೆ ಬರೋದಿಲ್ಲ. ನಡುವೆ ಇದ್ದದ್ದು ಬಾಯಿಮಾತು ಒಂದೇ. ಮಗನೋ, ಮಾತನ್ನು ಆಡಿದ ಹಾಗೇ ನುಂಗೋನು.

ಗೂಳಯ್ಯ ಸಾಯೋ ಮುಂಚೆ ಸುಟ್ಟಿಟ್ಟ ಮಡಕೆ ಒಂದಷ್ಟು ಉಳಿದಿದ್ದವು. ಸಣ್ಣೀರಮ್ಮ ಅವನ್ನು ಕೈಗಾಡಿಗೆ ಒಟ್ಟಿ, ಹುಲ್ಲು ತುರುಕಿ, ಹಗ್ಗ ಬಿಗಿದಳು.

"ಸಂತೆಗೆ ಹೋಗಪ್ಪ ಮೂಡ್ಲ. ತುಂಬಿದ ಗಾಡಿ ಮೊದ್ಲು ಅಲುಗಾಕಿಲ್ಲ. ಹೆಗಲು ಕೊಟ್ಟು ಜೋರಾಗಿ ನೂಕು. ಒಂದ್ಸಲ ಹೊರಟ್ರೆ ತಾನೇ ಹೋಯ್ತದೆ."

"ಆಯ್ತು ಕಣವ್ವ, ಹಂಗೇ ಮಾಡ್ತೀನಿ!"

ಹೆಗಲು ಕೊಟ್ಟ. ನೂಕಿದ. ಗಾಡಿ ಅಲುಗಲಿಲ್ಲ. ಮತ್ತೆ ನೂಕಿದ. ಗಾಡಿ ಕಿರ್ರ್ ಅಂತು, ಅಲುಗಿತು, ಹೊರಟಿತು. ಕೆರೆ ಏರಿಯ ತನಕ ಹೋಯಿತು. ಏರಿ ದಾಟಿದರೆ ಇಳಿಜಾರು. ಅಲ್ಲಿ ಗಾಡಿ ಇವನ ಕೈಗಿಂತ ಮುಂದೆ ಮುಂದೆ ಓಡೋಕೆ ಶುರುಮಾಡಿತು. "ಅವ್ವ ಹೇಳಿದ್ದು ನಿಜ, ತಾನೇ ಹೋಯ್ತದೆ" ಅಂದುಕೊಂಡ. ಕೈ ಬಿಟ್ಟ. ಹೊಂಗೆ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ. "ಹುಷಾರಾಗಿ ಹೋಗು! ದಾರೀಲಿ ಎಲ್ಲೂ ನಿಲ್ಲಬ್ಯಾಡ!" ಅಂತ ಗಾಡಿಗೆ ಬುದ್ಧಿ ಬೇರೆ ಹೇಳಿದ.

ಗಾಡಿ ಎಲ್ಲೂ ನಿಲ್ಲಲಿಲ್ಲ. ತೂಬಿನ ಕಲ್ಲಿಗೆ ಹೋಗಿ ಹೊಡೆಯಿತು. ಮಡಕೆಯೆಲ್ಲ ಬೋಕಿ ಬಿಲ್ಲೆ.

ಮೂಡ್ಲ ಬುತ್ತಿ ಉಂಡು, ಕೈ ತೊಳೆದು, ಕಾಲುದಾರಿ ಹಿಡಿದು ಸಂತೆಗೆ ಹೋದ. ಸಿಕ್ಕಸಿಕ್ಕವರನ್ನು ಕೇಳಿದ, "ನಮ್ಮ ಗಾಡಿ ಬಂತಾ? ನನಗಿಂತ ಮುಂಚೆ ಹೊರಟಿತ್ತು!" ಸಂತೆಯೆಲ್ಲ ನಕ್ಕಿತು. ಕತ್ತಲಾಗೋ ಹೊತ್ತಿಗೆ ಬರಿಗೈಯಲ್ಲಿ ಮನೆಗೆ ಬಂದ. ಒಡೆದ ಮಡಕೆಯ ಸುದ್ದಿ ಅವನಿಗಿಂತ ಮುಂಚೆ ಮನೆ ಸೇರಿತ್ತು.

"ಅಯ್ಯೋ ನನ್ನ ಹೊಟ್ಟೆ ಉರಿಸೋನೇ! ನಿಮ್ಮಪ್ಪನ ಕೈಯಿನ ಮಡಕೆ ಕಣ್ಲಾ ಅವು! ಭಾರದ್ದು ಹೊರಟ ಮೇಲೆ ತಾನಾಗಿ ನಿಲ್ಲಾಕಿಲ್ಲ! ಓಡಿ ಹೋಗಿ ಮುಂದೆ ನಿಂತ್ಕಂಡು, ಕಾಲೂರಿ, ಎದೆ ಕೊಟ್ಟು ತಡೀಬೇಕು!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ!"

ಹಂಗೇ ಮಾಡ್ತೀನಿ ಅಂದನಲ್ಲ, ಕೇಳಿ.

ಊರ ಗೌಡರ ಮನೆಯಲ್ಲಿ ಮದುವೆ ಬಂತು. ಮದುವೆಗೆ ಮುಂಚೆ ಐರಾಣಿ ಗಡಿಗೆ ತರೋಕೆ ಓಲಗ ಊದಿಸಿಕೊಂಡು ಕುಂಬಾರನ ಮನೆ ಬಾಗಿಲಿಗೆ ಬರೋದು ಎಲ್ಲರಿಗೂ ಗೊತ್ತಲ್ಲ. ಬಣ್ಣ ಬರೆದ ಗಡಿಗೆ ಒಂದು ಜೊತೆ ಅಟ್ಟದ ಮೇಲೆ ಉಳಿದಿತ್ತು. ಸಣ್ಣೀರಮ್ಮ ಅದನ್ನಿಳಿಸಿ, ಒರೆಸಿ, ಸುಣ್ಣದ ಗೆರೆ ತಿದ್ದಿ, ಅಂಗಳ ಸಾರಿಸಿ ಕಾದಳು. ಗಡಿಗೆ ಕೊಟ್ಟರೆ ಗೌಡರ ಮನೆಯವರು ಅಕ್ಕಿ ಬೇಳೆ ಬೆಲ್ಲ ಮಡಿಲು ತುಂಬುತ್ತಾರೆ, ಸೀರೆ ಕೊಡುತ್ತಾರೆ. ಅವಳ ಮೈಮೇಲಿನ ಸೀರೆಯಲ್ಲಿ ಸೀರೆಗಿಂತ ತೇಪೆಯೇ ಹೆಚ್ಚಾಗಿತ್ತು.

ಓಲಗ ಕೇಳಿತು. ಮುಂದೆ ಮದುವೆ ಹುಡುಗನ ಸೋದರಮಾವ, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ. ಹಿಂದೆ ಡೋಲು, ಅದರ ಹಿಂದೆ ಕಳಸ ಆರತಿ ಹಿಡಿದ ಹೆಂಗಸರು, ಅವರ ಹಿಂದೆ ಊರಿಗೆ ಊರೇ. ಮೂಡ್ಲ ನೋಡಿದ.

"ಅಯ್ಯಪ್ಪಾ! ಇಷ್ಟು ಜನ! ಇಷ್ಟು ಭಾರ! ಹೊರಟುಬಿಟ್ಟವ್ರೆ! ಇನ್ನು ನಿಲ್ಲಾಕಿಲ್ಲ! ನಮ್ಮ ಗೋಡೆಗೇ ಬಂದು ಹೊಡೀತಾರೆ!"

ಓಡಿದ. ಬೀದಿ ನಡುವೆ ನಿಂತ. ಕಾಲೂರಿದ. ಎದೆ ಕೊಟ್ಟ. ಸೋದರಮಾವ ಬಂದು ಎದೆಗೆ ತಾಗಿದ, ಗಕ್ಕನೆ ನಿಂತ. ಮುಂದಿನವನು ನಿಂತರೆ ಹಿಂದಿನವರು ನಿಲ್ಲುತ್ತಾರೆಯೇ? ಡೋಲಿನವನು ಮಾವನ ಬೆನ್ನಿಗೆ, ಓಲಗದವನು ಡೋಲಿಗೆ, ಆರತಿ ತಟ್ಟೆ ಓಲಗದವನ ತಲೆಗೆ, ಕಳಸ ಗೌಡ್ತಿಯ ಮೈಮೇಲೆ. "ತಡೆದೆ ಕಣವ್ವಾ! ತಡೆದೆ! ನಮ್ಮ ಗೋಡೆ ಉಳೀತು!" ಅಂತ ಮೂಡ್ಲ ಕುಣಿದ.

ಕಳಸ ಬಿದ್ದರೆ ಅಪಶಕುನ. ಗೌಡರ ಮನೆಯವರು ಅಲ್ಲಿಂದಲೇ ತಿರುಗಿ, ಪಕ್ಕದೂರಿನ ಕುಂಬಾರರ ಮನೆಗೆ ಹೋದರು. ಅಕ್ಕಿ ಬೇಳೆ ಬೆಲ್ಲ ಅತ್ತಲೇ ಹೋಯಿತು. ಸೀರೆಯೂ ಹೋಯಿತು.

"ಬೆಪ್ಪೇ! ಬೆಪ್ಪು ತಕ್ಕಡಿಯೇ! ಜನಕ್ಕೆ ಅಡ್ಡ ನಿಲ್ತಾರೇನ್ಲಾ? ಯಾವುದಕ್ಕೇ ಎದೆ ಕೊಡೋ ಮೊದ್ಲು, ಅದು ಭಾರವೋ ಹಗುರವೋ ಎತ್ತಿ ನೋಡಿ ತಿಳ್ಕಬೇಕು!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ!"

ಆ ರಾತ್ರಿ ಸಣ್ಣೀರಮ್ಮ ಇದ್ದ ಹಿಟ್ಟಿನಲ್ಲಿ ಒಂದು ಮುದ್ದೆ ಕಟ್ಟಿ ಮಗನ ಮುಂದಿಟ್ಟಳು. "ನಿಂಗೆ?" ಅಂದ ಮೂಡ್ಲ. "ನಂದು ಆಗೈತೆ, ಉಣ್ಣು" ಅಂದಳು. ಅವ್ವ ಆಗೈತೆ ಅಂದಮೇಲೆ ಆಗೈತೆ. ಅವನು ಉಂಡ.

ಮದುವೆ ಮೆರವಣಿಗೆ ಕೆಟ್ಟ ಸುದ್ದಿ ಕುಲದ ಯಜಮಾನ ಹಿರಿರಂಗಯ್ಯನ ಕಿವಿಗೆ ಬಿತ್ತು. ಅವನು ಕೋಲೂರಿಕೊಂಡು ಬಂದ. ಜಗುಲಿ ಹತ್ತಿ ಕೆಮ್ಮಿದ.

"ಸಣ್ಣೀರಮ್ಮಾ, ಊರಿನ ಆಯದ ಮಾತಾಡಬೇಕು. ಇದು ಬಲು ಭಾರವಾದ ವಿಚಾರ..."

ಅಷ್ಟೇ ಸಾಕಾಯಿತು! ಮೂಡ್ಲ ಹಿಂದಿನಿಂದ ಬಂದ. ಯಜಮಾನನ ಸೊಂಟಕ್ಕೆ ಎರಡೂ ಕೈ ಹಾಕಿದ. ಎತ್ತಿದ. ಮೇಲಕ್ಕೊಂದು ಸಲ, ಕೆಳಕ್ಕೊಂದು ಸಲ, ಕಣದಲ್ಲಿ ಚೀಲ ಎತ್ತಿ ನೋಡುತ್ತಾರಲ್ಲ, ಹಾಗೆ. ರುಮಾಲು ಬಿತ್ತು. ಕೋಲು ಬಿತ್ತು.

"ಭಾರ ಅವ್ರೆ ಕಣವ್ವಾ! ಎದೇನೇ ಕೊಡಬೇಕು!"

"ಇಳಿಸ್ಲಾ! ಇಳಿಸೋ, ಅವರು ದೊಡ್ಡೋರು!"

ಇಳಿಸಿದ. ಯಜಮಾನನ ಮೀಸೆ ನಡುಗುತ್ತಿತ್ತು. ಸಣ್ಣೀರಮ್ಮ ಕಾಲಿಗೆ ಬಿದ್ದಳು. ಅವನು ಕೆಟ್ಟವನಲ್ಲ, ಆದರೆ ಕಟ್ಟು ನಡೆಸೋನು.

"ಕೇಳು ತಾಯಿ. ಊರೋರು ಮಡಕೆಗೆ ಎಷ್ಟು ದಿನ ಕಾದಾರು? ಬರೋ ಹುಣ್ಣಿಮೆ ಬೆಳಿಗ್ಗೆ ಕುಲದೋರನ್ನ ಕರ್ಕಂಡು ಬರ್ತೀನಿ. ನಮ್ಮ ಕಣ್ಣೆದುರಿಗೆ ನಿನ್ನ ಮಗ ತಿಗರಿ ಮೇಲೆ ಒಂದು ಗಡಿಗೆ ಎಬ್ಬಿಸಲಿ. ಸೊಟ್ಟವೋ ಪಟ್ಟವೋ, ಒಂದು ಎಬ್ಬಿಸಲಿ ಸಾಕು, ಆಯ ನಿಮ್ಮದೇ. ಇಲ್ಲಾಂದ್ರೆ ನನ್ನ ತಮ್ಮನ ಮಗ ಪುಟ್ಟರಂಗಂಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ಅನ್ನಬ್ಯಾಡ."

ಅವನು ಹೋದ ಮೇಲೆ ಅವಳು ಬಹಳ ಹೊತ್ತು ಬೈದಳು. ಬೈದು ಸಾಕಾಗಿ, "ಇನ್ಮೇಲೆ ಯಾರನ್ನೂ ಎತ್ತಬ್ಯಾಡ. ನಾನು ಹೇಳ್ದಾಗ ತಿಗರಿ ತಿರುಗಿಸೋ ಕೋಲು ಎತ್ತು, ನಾನು ಹೇಳ್ದಾಗ ಇಳಿಸು" ಅಂದಳು.

ಮಾರನೆಯ ದಿನದಿಂದ ಪಾಠ. ತಿಗರಿಯ ಹತ್ತಿರ ಕೂತಳು. ಕೈ ತಾನಾಗಿ ತಿಗರಿಯ ಕಡೆ ಹೋದೀತು ಅಂತ ಎರಡೂ ಕೈಗೆ ಸೆರಗು ಸುತ್ತಿಕೊಂಡಳು. ಕುಂಬಾರರ ತಿಗರಿ ನೋಡಿದ್ದೀರಲ್ಲ? ಮರದ ಚಕ್ರ. ಅದರ ಅಂಚಿಗೆ ಮಣ್ಣು, ಹುಲ್ಲು, ಮೇಕೆ ಕೂದಲು ಕಲಸಿ ದಪ್ಪನೆ ಬಳೆಯ ಹಾಗೆ ಮೆತ್ತಿರುತ್ತಾರೆ. ಈ ಬಳೆ ಗೂಳಯ್ಯ ಮೆತ್ತಿದ್ದು. ಒಣಗಿ ಕಲ್ಲಾಗಿತ್ತು, ಅವನ ಬೆರಳಿನ ಗುರುತು ಹಾಗೇ ಇತ್ತು.

"ಚಕ್ರದ ಗುಳಿಗೆ ಕೋಲು ಇಡು. ನೂಕು. ಇನ್ನೂ ನೂಕು. ಬಿಡಬ್ಯಾಡ, ನೂಕು! ಹಾಂ, ಈಗ ಕೋಲು ತೆಗಿ!"

ಕೋಲು ತೆಗೆದ. ತಿಗರಿ ತಿರುಗುತ್ತಲೇ ಇತ್ತು. ಗುರ್ರ್ ಅಂತ ತಿರುಗುತ್ತಲೇ ಇತ್ತು. ಮೂಡ್ಲ ಬಾಯಿ ಬಿಟ್ಟುಕೊಂಡು ನೋಡಿದ.

"ಅವ್ವಾ, ನಾನು ಬಿಟ್ರೂ ತಿರುಗ್ತದಲ್ಲ? ಯಾರು ತಿರುಗಿಸ್ತಾವ್ರೆ?"

"ಯಾರೂ ಇಲ್ಲ ಕಣಪ್ಪ. ನಿಮ್ಮಪ್ಪ ಮೆತ್ತಿದ ಬಳೆ ಐತಲ್ಲ, ಅದರ ಭಾರ. ಭಾರದ್ದಕ್ಕೆ ಹೊರಡಾಕೂ ಸೋಮಾರಿತನ, ನಿಲ್ಲಾಕೂ ಸೋಮಾರಿತನ."

"ನನ್ನಂಗೇ!" ಅಂತ ಮೂಡ್ಲ ನಕ್ಕ. ಗಂಡ ಸತ್ತ ಮೇಲೆ ಸಣ್ಣೀರಮ್ಮ ನಕ್ಕದ್ದು ಅದೇ ಮೊದಲು.

ಹೇಳುತ್ತಾ ಹೇಳುತ್ತಾ, ಮಾಡುತ್ತಾ ಮಾಡುತ್ತಾ, ಒಂದು ದಿನ ಅವನ ಕೈಯೊಳಗೆ ಮಣ್ಣು ಎದ್ದು ನಿಂತಿತು. ಗಡಿಗೆ ಅಂತ ಹೇಳೋಕಾಗದು, ಬೇಸಿಗೆಯಲ್ಲಿ ನಾಯಿಗೆ ನೀರಿಡೋ ಬೋಸಿ ಅನ್ನಬಹುದು. ಬಾಯಿ ಸೊಟ್ಟ, ತಳ ಸೊಟ್ಟ. ಸೊಟ್ಟವಾದರೂ ಸಾಕು ಅಂದಿದ್ದನಲ್ಲ ಯಜಮಾನ! ಸಣ್ಣೀರಮ್ಮ ಅದನ್ನು ನೆರಳಲ್ಲಿಟ್ಟು ದಿನವೆಲ್ಲ ನೋಡಿದಳು. ಇನ್ನೇನು, ಮಗ ಒಂದು ದಡ ಸೇರಿದ, ನಾನು ಕಣ್ಣು ಮುಚ್ಚಿದರೂ ಕಣಕ್ಕೆ ಹೋಗಿ ನಿಂತರೆ ಅವನಿಗೆ ರಾಗಿ ಸಿಕ್ಕುತ್ತದೆ ಅಂದುಕೊಂಡಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಮಣ್ಣು ಮುಗಿದಿತ್ತು. ಹುಣ್ಣಿಮೆ ಹತ್ತಿರ ಬಂದಾಗ ಕೆರೆಯಿಂದ ಜೇಡಿ ತಾ ಅಂತ ಕಳಿಸಿದಳು. ಗಾಡಿ ತುಂಬ ತಾ ಅಂದಿದ್ದಳು, ಅವನು ಗಾಡಿ ಕಾಣದಷ್ಟು ತುಂಬಿದ. ಹಸಿ ಜೇಡಿ. ಗಾಲಿ ಹೂತುಕೊಂಡಿತು. ಮೂಡ್ಲ ನೂಕಿದ. ಅಲುಗಲಿಲ್ಲ. ಭಾರದ್ದು ಮೊದ್ಲು ಅಲುಗಾಕಿಲ್ಲ, ಅವ್ವ ಹೇಳವ್ಳೆ. ನೂಕಿದ. ಬಿಡಬ್ಯಾಡ, ನೂಕು ಅಂದವ್ಳೆ. ನೂಕಿದ. ಹೊತ್ತು ನೆತ್ತಿಗೆ ಬಂತು, ಹೊತ್ತು ಇಳಿಯಿತು, ನೂಕುತ್ತಲೇ ಇದ್ದ. ಅಂಗೈ ಬೊಬ್ಬೆ ಬಂದು ಒಡೆದು ರಕ್ತ ಬಂತು. ನೂಕುತ್ತಲೇ ಇದ್ದ.

ಮಗ ಬರಲಿಲ್ಲ ಅಂತ ಸಣ್ಣೀರಮ್ಮ ಹುಡುಕಿಕೊಂಡು ಬಂದಳು. ಅವನ ಕೈ ನೋಡಿ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ದಡ್ಡ ಶಿಖಾಮಣಿ! ಅಲುಗದೇ ಇದ್ರೆ ಸಾಯೋಗಂಟ ನೂಕ್ತಾ ನಿಲ್ತಾರೇನ್ಲಾ? ಭಾರ ಇಳಿಸಬೇಕು! ಮೊದ್ಲು ಮೇಲಿರೋ ಮಣ್ಣು ಇಳಿಸಿ, ಹಗುರ ಮಾಡ್ಕಂಡು, ಆಮೇಲೆ ನೂಕಬೇಕು!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ!"

ಅಷ್ಟು ಮಣ್ಣನ್ನೂ ಪುಟ್ಟಿಯಲ್ಲಿ ತುಂಬಿ, ಅವಳೇ ತಲೆ ಮೇಲೆ ಹೊತ್ತು ಏರಿ ಹತ್ತಿಸಿದಳು. ಹತ್ತೋವಾಗ ಎರಡು ಸಲ ಕೂತಳು. "ಯಾಕವ್ವ?" ಅಂದ. "ಏನಿಲ್ಲ, ಕಣ್ಣು ಕತ್ಲೆ ಬಂತು" ಅಂದಳು. ಹೊಟ್ಟೆಯಲ್ಲಿ ಏನಿದ್ದರೆ ತಾನೇ ಕಣ್ಣಿಗೆ ಬೆಳಕು?

ಹುಣ್ಣಿಮೆ ಬಂತು. ಬೆಳಿಗ್ಗೆ ಸಣ್ಣೀರಮ್ಮ ಮಗನನ್ನು ಮೀಯಿಸಿ, ವಿಭೂತಿ ಹಚ್ಚಿ, ತಿಗರಿಗೆ ಕೈ ಮುಗಿಸಿದಳು. ಕುಲದವರು ಬಂದರೆ ಪಾನಕ ಕೊಡಬೇಕಲ್ಲ, ಮನೆಯಲ್ಲಿ ಬೆಲ್ಲ ಇಲ್ಲ. "ಒಂದು ಉಂಡೆ ಬೆಲ್ಲ ಈಸ್ಕಂಡು ಬರ್ತೀನಿ. ಅಷ್ಟರಲ್ಲಿ ನೀನು ತಿಗರಿ ತಿರುಗಿಸ್ತಾ ಇರು" ಅಂದು ಹೋದಳು.

ಮೂಡ್ಲ ಕೋಲು ಇಟ್ಟ. ನೂಕಿದ. ಬೊಬ್ಬೆ ಒಡೆದ ಕೈ ಉರಿಯಿತು, ಕೋಲು ಜಾರಿತು. ತಿಗರಿ ಅಲುಗಲಿಲ್ಲ. ಮತ್ತೆ ನೂಕಿದ. ಮತ್ತೆ ಜಾರಿತು. ಕೂತು ಯೋಚನೆ ಮಾಡಿದ. ಅವ್ವ ಏನು ಹೇಳಿದ್ದಳು? ಮೊನ್ನೆ ತಾನೇ ಹೇಳಿದ್ದಳು! ಅಲುಗದೇ ಇದ್ದರೆ ಮೇಲಿರೋ ಮಣ್ಣು ಇಳಿಸಬೇಕು. ಹಗುರ ಮಾಡಿಕೊಳ್ಳಬೇಕು.

ಗುದ್ದಲಿ ತಂದ.

ಅಂಚಿನ ಬಳೆಯನ್ನು ತಟ್ಟಿ ತಟ್ಟಿ ಬಿಡಿಸಿದ. ಹೆಂಟೆ ಹೆಂಟೆಯಾಗಿ ಬಂತು. ಒಂದು ಚೂರೂ ಬಿಡದೆ ಬಿಡಿಸಿ, ಮೂಲೆಯಲ್ಲಿ ಒಪ್ಪವಾಗಿ ಗುಡ್ಡೆ ಹಾಕಿ, ಕಸ ಗುಡಿಸಿದ. ಆಮೇಲೆ ಬೆರಳಲ್ಲಿ ತಳ್ಳಿದ. ಸರ್ರನೆ ತಿರುಗಿತು! ಕೋಲೇ ಬೇಡ! ಕೈ ಉರಿಯೋ ಹಾಗೂ ಇಲ್ಲ! ಮೂಡ್ಲನ ಮುಖ ಊರಗಲ ಆಯಿತು.

ಕುಲದವರು ಬಂದು ಸುತ್ತ ಕೂತರು. ಹಿರಿರಂಗಯ್ಯ ದೂರದಲ್ಲೇ ಕೂತ. ಪುಟ್ಟರಂಗ ಬಾಗಿಲಿಗೆ ಒರಗಿ ನಿಂತ. ಸಣ್ಣೀರಮ್ಮ ಬೆಲ್ಲ ಹಿಡಿದು ಅವರ ಹಿಂದೆಯೇ ಬಂದಳು.

"ನೋಡವ್ವಾ, ಈಗ ಬೆರಳು ಸಾಕು!"

ಮಣ್ಣಿನ ಮುದ್ದೆ ನಡುವೆ ಇಟ್ಟ. ಬೆರಳಲ್ಲಿ ತಳ್ಳಿದ. ಸರ್ರನೆ ಹೊರಟಿತು. ಮಣ್ಣಿಗೆ ಕೈ ಹಚ್ಚಿದ. ನಿಂತಿತು. ಮತ್ತೆ ತಳ್ಳಿದ. ಹೊರಟಿತು, ಕೈ ಹಚ್ಚಿದ, ನಿಂತಿತು. ಮತ್ತೆ ತಳ್ಳಿದ. ಮತ್ತೆ ನಿಂತಿತು. ಮುದ್ದೆ ಮುದ್ದೆಯಾಗಿಯೇ ಕೂತಿತ್ತು. ಪುಟ್ಟರಂಗ ಕಿಸಕ್ಕಂದ. ಒಬ್ಬ ನಕ್ಕ ಮೇಲೆ ಎಲ್ಲರೂ ನಕ್ಕರು.

ಸಣ್ಣೀರಮ್ಮ ಮೂಲೆಯ ಗುಡ್ಡೆ ನೋಡಿದಳು. ಮೇಲಿನ ಹೆಂಟೆಯಲ್ಲಿ ಗಂಡನ ಬೆರಳ ಗುರುತು ಕಂಡಿತು. ಕೈಯಿಂದ ಬೆಲ್ಲ ಜಾರಿತು.

"ಏನ್ಲಾ ಮಾಡ್ದೆ ನೀನು! ಆ ಭಾರ ಇದ್ದದ್ದಕ್ಕೇ ಅಲ್ವೇನ್ಲಾ ಅದು ತಿರುಗ್ತಿದ್ದದ್ದು! ಹಗುರಾದ್ದು ಬೇಗ ಹೊರಡ್ತದೆ, ಬೇಗ ನಿಲ್ತದೆ! ತಿಗರಿ ಮೇಲೆ ಭಾರ ಬೇಕು ಕಣ್ಲಾ, ಭಾರ!"

"ಆಯ್ತು ಕಣವ್ವ, ಹಂಗೇ ಮಾಡ್ತೀನಿ!"

ಮೂಡ್ಲ ಸುತ್ತ ನೋಡಿದ. ಭಾರ ಎಲ್ಲಿದೆ? ರಾಗಿ ವಾಡೆಯಲ್ಲಿ ಕೈ ಆಡಿಸಿದ, ಖಾಲಿ. ಹಂಡೆ ಅಡ ಹೋಗಿತ್ತು. ಒರಳು ನೆಲದಲ್ಲಿ ಹೂತಿತ್ತು. ಆ ಮನೆಯಲ್ಲಿ ಅವನಿಗೆ ದೊಡ್ಡದು ಅಂತ ಉಳಿದದ್ದು ಒಂದೇ. ಹೋಗಿ ಅವ್ವನ ಸೊಂಟಕ್ಕೆ ಕೈ ಹಾಕಿ ಎತ್ತಿದ. ತಂದು ತಿಗರಿಯ ಮೇಲೆ ಕೂರಿಸಿದ.

"ಹೆಂಗಸು! ತಿಗರಿ ಮೇಲೆ ಹೆಂಗಸು!" ಕುಲದವರು ಎದ್ದು ನಿಂತರು. "ಇಳಿಸೋ! ಕುಲ ಕೆಟ್ಟಿತು, ಇಳಿಸೋ!"

ಮೂಡ್ಲನಿಗೆ ಅವ್ವನ ಮಾತು ಬಿಟ್ಟರೆ ಬೇರೆಯವರ ಮಾತು ಮಾತಲ್ಲ. ತಿಗರಿ ತಿರುಗಿಸಿದ. ಸಣ್ಣೀರಮ್ಮ ಕಾಲು ಮುದುಡಿಕೊಂಡು, ಮುಖ ಮುಚ್ಚಿಕೊಂಡು, ಒಂದು ಸುತ್ತು ಬಂದಳು. ಇನ್ನೊಂದು ಸುತ್ತಿನ ಅರ್ಧಕ್ಕೆ ತಿಗರಿ ನಿಂತಿತು. ಅವಳ ಮುಖ ಗೋಡೆಯ ಕಡೆಗಿತ್ತು.

ಮೂಡ್ಲ ಮತ್ತೆ ಅವಳನ್ನು ಎತ್ತಿ ನೋಡಿದ. ಇಳಿಸಿದ. ಇನ್ನೊಂದು ಸಲ ಎತ್ತಿ ನೋಡಿ ನೆಲಕ್ಕಿಳಿಸಿದ.

"ಅವ್ವಾ! ನಿನ್ನಲ್ಲಿ ಭಾರಾನೇ ಇಲ್ಲ! ಯಾವಾಗಿಂದ ಹಿಂಗಾದೆ?"

ಹಿರಿರಂಗಯ್ಯ ಸಣ್ಣೀರಮ್ಮನ ಕಡೆ ನೋಡಿದ. ಬರೀ ಮೂಳೆ ಚಕ್ಕಳ. ಇಷ್ಟು ದಿನ ಅದೇ ಕೇರಿಯಲ್ಲಿ ಓಡಾಡುತ್ತಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಥೂ, ನಾಚಿಕೆಗೇಡು! ಕುಲದ ಕಟ್ಟು ಕಾಣುತ್ತದೆ, ಕುಲದವಳ ಹೊಟ್ಟೆ ಕಾಣೋದಿಲ್ಲ.

ಆದರೂ ಆಡಿದ ಮಾತು ಆಡಿದ್ದೇ. ಆಯ ಪುಟ್ಟರಂಗನಿಗೆ ಹೋಯಿತು. ತಿಗರಿಯನ್ನೂ ತಗೋ ಅಂದರೆ ಅವನು, "ಹೆಂಗಸು ಕೂತ ತಿಗರಿ ನಂಗ್ಯಾಕೆ?" ಅಂದ. ಯಜಮಾನ ತಲೆ ತಗ್ಗಿಸಿಕೊಂಡು ಹೋದ. ಎಲ್ಲರೂ ಹೋದರು. ಪಾನಕಕ್ಕೆ ಯಾರೂ ಕಾಯಲಿಲ್ಲ.

ಮೂಡ್ಲ ಅವ್ವನ ಎದುರಿಗೆ ಕೂತ. ಇನ್ನು ಬೈಗುಳ ಬರುತ್ತದೆ ಅಂತ ಕಾದ. ಬರಲಿಲ್ಲ.

"ಬೈಯವ್ವಾ. ಮುಂದಿನ ಸಲ ಹೆಂಗೆ ಮಾಡ್ಲಿ? ಹೇಳು."

ಸಣ್ಣೀರಮ್ಮ ಬಿದ್ದ ಬೆಲ್ಲ ಆಯ್ದುಕೊಂಡಳು. ಊದಿ ಮಣ್ಣು ತೆಗೆದಳು. ನೀರಿಗೆ ಹಾಕಿ ಕಲಕಿ, ಇದ್ದ ಪಾನಕವನ್ನೆಲ್ಲ ಮಗನ ಕೈಗೆ ಕೊಟ್ಟಳು. ಅವನ ಅಂಗೈ ಬಿಡಿಸಿ ನೋಡಿದಳು. ತಲೆ ನೇವರಿಸಿದಳು. "ಕುಡಿಯಪ್ಪ" ಅಂದಳು, ಅಷ್ಟೇ.

ಮೂಡ್ಲ ಕುಡಿದ. ಅವಳ ಮುಖ ನೋಡಿದ. ಇನ್ನಷ್ಟು ಹೊತ್ತು ಕಾದ. ಬೈಗುಳ ಬರಲೇ ಇಲ್ಲ. ಆಗ ಅವನಿಗೆ ತಿಳಿಯಿತು. ತಿಳಿದದ್ದೇ ತಡ, ಎದ್ದು ಬೀದಿಗೆ ಓಡಿದ.

"ಅವ್ವ ಬೈಲಿಲ್ಲ! ಇವತ್ತು ಅವ್ವ ಬೈಲಿಲ್ಲ! ಇವತ್ತು ನಾನು ಸರಿಯಾಗಿ ಮಾಡ್ದೆ!"

ಕುಂಬಾರಗೇರಿಯ ಒಂದು ಬಾಗಿಲೂ ಬಿಡದೆ ನಿಂತು ಹೇಳಿದ. ಅಲ್ಲ ಕಣೋ ಅಂತ ಯಾರೂ ಅನ್ನಲಿಲ್ಲ.